ಮಣ್ಣಿಗೆ ಕೊಟ್ಟ ಗಂಟು

ಕಂಪ್ಲಿಯ ಮರಿಸ್ವಾಮಿಯವರಿಗೆ ಎರಡು ಕೆಲಸ. ಹಗಲೆಲ್ಲ ಅವರು ಎಮ್ಮಿಗನೂರು ರಸ್ತೆಯ ರೈಸ್‌ಮಿಲ್ಲಿನಲ್ಲಿ ಭತ್ತ ನೋಡುವವರು. ಲಾರಿ ಬಂದು ನಿಂತ ಕೂಡಲೇ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಹಿಡಿಯಷ್ಟು ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ ಊದಿ, ಒಂದನ್ನು ಹಲ್ಲಿನಡಿ ಕಡಿದು, ಇದು ಹಸಿ, ಇದು ಒಣ, ಇದರಲ್ಲಿ ನುಚ್ಚು ಜಾಸ್ತಿ ಎಂದು ಹೇಳಬೇಕು. ಸ್ಯಾಂಪಲ್ ನೋಡದೆ ಚೀಲ ಇಳಿಸಿಕೊಳ್ಳುವ ಮಿಲ್ಲು ಈ ಸೀಮೆಯಲ್ಲಿಲ್ಲ. ಊರಲ್ಲಿ ಯಾರಾದರೂ ಲಿಂಗೈಕ್ಯರಾದ ಸುದ್ದಿ ಬಂದರೆ ಆ ಕೊಳವೆಯನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು, ವಿಭೂತಿ ಗಟ್ಟಿಯನ್ನು ಜೋಳಿಗೆಗೆ ಹಾಕಿಕೊಂಡು ಹೊರಟುಬಿಡುವರು. ಜಂಗಮರ ಮನೆತನ. ಸತ್ತವರನ್ನು ಮಣ್ಣಿಗೆ ಒಪ್ಪಿಸುವ ಕ್ರಿಯೆ ಅವರಿಗೆ ತಂದೆಯಿಂದ ಬಂದದ್ದು.

ಅವರ ಕಡೆಯವರು ಸುಡುವುದಿಲ್ಲ, ಹೂಳುತ್ತಾರೆ. ಅದೂ ಮಲಗಿಸಿಯಲ್ಲ, ಕೂರಿಸಿ. ಕುಣಿಯ ಒಂದು ಮಗ್ಗುಲಿಗೆ ಗೂಡು ಕೊರೆದು, ದೇಹವನ್ನು ಅದರಲ್ಲಿ ಕೂರಿಸಿ, ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಬಿಲ್ವಪತ್ರೆಗಳಿಂದ ಮುಚ್ಚಿ ಮಣ್ಣೆಳೆಯಬೇಕು. ಮರಿಸ್ವಾಮಿ ಕುಣಿಗಿಳಿದರೆ ಅವಸರ ಎಂಬುದೇ ಇಲ್ಲ. ಬಿಸಿಲಲ್ಲಿ ನಿಂತ ನೆಂಟರು ಗಡಿಯಾರ ನೋಡಿಕೊಂಡು ಗೊಣಗಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಮೈ ಇಡಿಯಾಗಿ ಬಂದಿದೆ, ಇಡಿಯಾಗಿ ಹೋಗಬೇಕು ಎಂಬುದು ಅವರ ಪಟ್ಟು. ಮುಚ್ಚಿದ ಕುಣಿಯನ್ನು ಮತ್ತೆ ತೆರೆಯುವ ಮಾತನ್ನಂತೂ ಅವರ ಮುಂದೆ ಎತ್ತುವ ಹಾಗಿರಲಿಲ್ಲ. ಬೆರಳಲ್ಲಿ ಚಿನ್ನದ ಉಂಗುರ ಉಳಿಯಿತು, ಸ್ವಲ್ಪ ತೆಗೆಸಿಕೊಡಿ ಎಂದು ಗೋಗರೆದ ಒಂದು ಮನೆಯವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಎಲ್ಲ ಮುಗಿದ ಮೇಲೆ ಕೈಯ ಮಣ್ಣು ಕೊಡವುತ್ತ ಮನೆಯವರಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ಮಣ್ಣು ಒಪ್ಪಿಸ್ಕೊಂತ್ರಿ."

ಕೊಟ್ರಯ್ಯನ ಕೈಯ ವಿಷಯ ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಕೊಟ್ರಯ್ಯ ಬೆಲ್ಲದ ಆಲೆಮನೆಯ ಆಳು. ಕಬ್ಬಿನ ಗಾಣಕ್ಕೆ ಸಿಕ್ಕಿ ಅವನ ಮುಂಗೈ ಹೋಯಿತು. ಆಸ್ಪತ್ರೆಯವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಟ್ಟಾಗ ಮನೆಯವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಬ್ಬರು ಹೊಳೆಗೆ ಬಿಡೋಣ ಎಂದರು, ಒಬ್ಬರು ತಿಪ್ಪೆಯಲ್ಲಿ ಮುಚ್ಚಿದರಾಯಿತು ಎಂದರು. ಮರಿಸ್ವಾಮಿ ಅದಕ್ಕೊಂದು ಪುಟ್ಟ ಕುಣಿ ತೋಡಿಸಿ, ಗೂಡು ಕೊರೆದು, ವಿಭೂತಿ ಹಚ್ಚಿ ಒಪ್ಪಿಸಿದರು. ಎಷ್ಟೋ ವರ್ಷದ ಮೇಲೆ ಕೊಟ್ರಯ್ಯ ತೀರಿಕೊಂಡಾಗ ಅದರ ಪಕ್ಕದಲ್ಲೇ ಅವನನ್ನೂ ಕೂರಿಸಿದರು. ಅವನ ತಾಯಿ ರುದ್ರಭೂಮಿಯಲ್ಲೇ ಅವರ ಕಾಲಿಗೆ ಬಿದ್ದು, ನನ್ನ ಮಗನನ್ನು ಕೂಡಿಸಿಕೊಟ್ಟಿರಿ ಎಂದು ಅತ್ತಳು. ಅಂದಿನಿಂದ ಸುತ್ತಲಿನ ಹಳ್ಳಿಗಳಲ್ಲಿ ಅವರ ಹೆಸರು ಇನ್ನಷ್ಟು ಏರಿತು, ಅವರಿಗೂ ತಮ್ಮ ಕೆಲಸದ ಮೇಲೆ ಹೆಮ್ಮೆ ಹೆಚ್ಚಿತು. ಹೆಮ್ಮೆ ಪಡಬಾರದು ಎಂದು ನಾನೇನೂ ಹೇಳುತ್ತಿಲ್ಲ.

ಅವರ ಹೆಂಡತಿ ಶೈಲಶ್ರೀ ಸಂಡೂರಿನವರು. ಮಾತು ಕಡಿಮೆ, ನಗು ಜಾಸ್ತಿ. ಅವರ ಎಡ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಾಗ ಅವರು ಅದನ್ನು ಯಾರಿಗೂ ಹೇಳಲಿಲ್ಲ. ಲಿಂಗವಿಡುವ ಬೆಳ್ಳಿ ಕರಡಿಗೆ ಕೊರಳಿನಿಂದ ಇಳಿದು ಬಂದು ಕೂರುತ್ತಿದ್ದುದು ಸರಿಯಾಗಿ ಅಲ್ಲಿಗೇ. ಇಷ್ಟು ವರ್ಷ ಒತ್ತಿ ಒತ್ತಿ ಅಲ್ಲಿನ ಮಾಂಸ ಗಡುಸಾಗಿದೆ ಎಂದುಕೊಂಡು ದಾರವನ್ನು ಒಂದಿಷ್ಟು ಗಿಡ್ಡ ಮಾಡಿಕೊಂಡರು. ಕರಡಿಗೆ ಮೇಲೆ ಹೋಯಿತು, ಗಂಟು ಅಲ್ಲೇ ಬೆಳೆಯಿತು.

ಮಗ ಶಂಭುಲಿಂಗ, ಕಂಪ್ಲಿಯಲ್ಲೇ ಗೊಬ್ಬರದ ಅಂಗಡಿ ಇಟ್ಟವನು, ಗೊತ್ತಾದ ದಿನವೇ ತಾಯಿಯನ್ನು ಹೊಸಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದ. ಅಲ್ಲಿನ ಸರ್ಜನ್ ಸೂಜಿ ಚುಚ್ಚಿ ಒಂದು ಹನಿ ತೆಗೆದು, ಗಾಜಿನ ಮೇಲೆ ಸವರಿ, ನೋಡಿಸಿ, ಇದು ಕ್ಯಾನ್ಸರ್ ಎಂದರು. ಆದರೆ ಗಂಟು ಸಣ್ಣದು, ಅದಷ್ಟನ್ನೇ ತೆಗೆದರೆ ಸಾಕು ಎಂದೂ ಹೇಳಿದರು. ಆಪರೇಶನ್ನಿಗೆ ಶೈಲಶ್ರೀ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಲಿಂಗ ಮೈಮೇಲಿಂದ ಇಳಿಯಬಾರದು. ಡಾಕ್ಟರರು ಅದನ್ನು ಬಲತೋಳಿಗೆ ಕಟ್ಟಿಸಿದರು. ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಗಡಿಬಿಡಿ.

ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮುಗಳ ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕೊಯ್ದು ತೆಗೆದದ್ದನ್ನು ಒಂದು ಬಾಟ್ಲಿಗೆ ಹಾಕಿ, ಮೇಲೆ ಔಷಧಿಯ ನೀರು ಸುರಿದು, ಒಂದು ಚೀಟಿಯ ಜೊತೆ ಮನೆಯವರ ಕೈಗೆ ಕೊಡುತ್ತಾರೆ. ಲ್ಯಾಬಿಗೆ ಒಯ್ದು ಮುಟ್ಟಿಸುವುದು ನಮ್ಮ ಕೆಲಸ. ಹೆಂಡತಿಯನ್ನು ಈಗಷ್ಟೇ ಕೊಯ್ಯಲು ಒಳಗೆ ಕಳಿಸಿ ಬಾಯಾರಿ ನಿಂತ ಗಂಡನ ಕೈಗೆ ಇಂಥದನ್ನು ಯಾಕೆ ಕೊಡುತ್ತಾರೋ, ಆ ಪದ್ಧತಿ ಮಾಡಿದ ಪುಣ್ಯಾತ್ಮನಿಗೇ ಗೊತ್ತು. ಶಂಭುಲಿಂಗ ಔಷಧಿ ತರಲು ಹೋಗಿದ್ದ. ನರ್ಸಮ್ಮ ಬಾಟ್ಲಿಯನ್ನು ಮರಿಸ್ವಾಮಿಯವರಿಗೆ ಕೊಟ್ಟು, ಸ್ಟೇಷನ್ ರಸ್ತೆಯ ಲ್ಯಾಬಿಗೆ ಇವತ್ತೇ ಮುಟ್ಟಿಸಬೇಕೆಂದು ಹೇಳಿ ಒಳಗೆ ಹೋದಳು.

ಅವರು ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಲಿಂಬೆಹಣ್ಣಿನಷ್ಟು ಗಾತ್ರ, ಬಿಳಿಚಿದ ಬಣ್ಣ. ಲ್ಯಾಬಿನಲ್ಲಿ ಏನು ಮಾಡುತ್ತಾರೆ ಎಂದು ಹೊರಗೆ ಕುಳಿತಿದ್ದ ಒಬ್ಬನನ್ನು ಕೇಳಿದರು. ಸಣ್ಣಗೆ ಹೆಚ್ಚಿ ಮಷೀನಿನಲ್ಲಿ ನೋಡುತ್ತಾರೆ, ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತಾರೆ ಎಂದು ಆತ ಹೇಳಿದ. ಅದು ಗೊತ್ತೇ ಇದೆಯಲ್ಲ ಎಂದುಕೊಂಡರು ಮರಿಸ್ವಾಮಿ. ಸೂಜಿ ಹಾಕಿದಾಗಲೇ ಹೆಸರು ಹೇಳಿ ಆಗಿದೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿಸಿಕೊಳ್ಳಲು, ಲಿಂಗ ಕೂತು ಎದ್ದ ಈ ಮಾಂಸವನ್ನು ಗುರುತಿಲ್ಲದವರ ಕೈಯಲ್ಲಿ ಹೆಚ್ಚಿಸಿ, ಉಳಿದದ್ದನ್ನು ಕಸದ ಬುಟ್ಟಿಗೆ ಹಾಕಿಸಬೇಕೆ? ಕೊಟ್ರಯ್ಯನ ಕೈಗೆ ಸಿಕ್ಕ ಮರ್ಯಾದೆ ತನ್ನ ಹೆಂಡತಿಯ ಎದೆಗೆ ಬೇಡವೆ? ಈ ಲೆಕ್ಕದಲ್ಲಿ ಒಂದು ತಪ್ಪಿತ್ತು, ಆದರೆ ಅದನ್ನು ತೋರಿಸಿಕೊಡುವವರು ಆಗ ಅಲ್ಲಿರಲಿಲ್ಲ. ಅವರು ಬಾಟ್ಲಿಯನ್ನು ಊಟದ ಚೀಲದಲ್ಲಿಟ್ಟುಕೊಂಡು ಕಂಪ್ಲಿ ಬಸ್ ಹತ್ತಿದರು.

ಕಮಲಾಪುರದವರೆಗೆ ಬಸ್ಸಿನ ತುಂಬ ಹಂಪಿ ನೋಡಲು ಬಂದವರು. ಚೀಲ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಒಳಗೆ ಗಂಟು ಗಾಜಿಗೆ ಮೆಲ್ಲಗೆ ಬಡಿಯುವುದು ಅವರ ತೊಡೆಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲದ ಬಾಯಿಂದ ಕಂಡ ಮುಚ್ಚಳ ನೋಡಿ, ಉಪ್ಪಿನಕಾಯಿ ಮನೆಯಲ್ಲೇ ಹಾಕಿದ್ದೋ ಎಂದು ಕೇಳಿದಳು. ಮರಿಸ್ವಾಮಿ ಹೌದು ಎಂದುಬಿಟ್ಟರು. ಆಮೇಲೆ ಊರು ಬರುವವರೆಗೆ ಚೀಲದ ಮೇಲಿಟ್ಟ ಎರಡೂ ಕೈ ತೆಗೆಯಲಿಲ್ಲ.

ರುದ್ರಭೂಮಿಯಲ್ಲಿ ತಮ್ಮ ತಾಯಿಯ ಸಮಾಧಿಯ ಪಕ್ಕ ಅವರೇ ಅಗೆದರು. ಔಷಧಿಯ ನೀರನ್ನು ದೂರ ಚೆಲ್ಲಿದರು. ಕಣ್ಣು ಉರಿಯುವಂಥ ವಾಸನೆ. ಗಂಟನ್ನು ಹೊಳೆಯ ನೀರಲ್ಲಿ ತೊಳೆದು, ಅರಿಶಿನ ಹಚ್ಚಿದ ಬಿಳಿ ಬಟ್ಟೆಯಲ್ಲಿ ಸುತ್ತಿ, ಪುಟ್ಟ ಗೂಡಿನಲ್ಲಿಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣೆಳೆದರು. ಸಂಜೆಯ ಬಸ್ಸಿಗೆ ಹೊಸಪೇಟೆಗೆ ಮರಳಿ, ಎಚ್ಚರವಾಗಿದ್ದ ಹೆಂಡತಿಗೆ ಎಲ್ಲ ಹೇಳಿದರು. ಶೈಲಶ್ರೀ ಅವರ ಕೈ ಹಿಡಿದುಕೊಂಡು, "ಒಳ್ಳೇದು ಮಾಡಿದ್ರಿ. ಕಸಕ್ಕ ಹಾಕ್ತಾರೇನೋ ಅಂತ ಅಂಜಿಕಿ ಆಗಿತ್ತು ನನಗ" ಎಂದರು. ಆ ಮಾತು ಕೇಳಿ ಮರಿಸ್ವಾಮಿಯವರಿಗೆ ಬದುಕು ಸಾರ್ಥಕವಾದಷ್ಟು ನೆಮ್ಮದಿಯಾಯಿತು.

ಹೊಲಿಗೆ ಬಿಚ್ಚಲು ಹೋದಾಗ ಸರ್ಜನ್ ರಿಪೋರ್ಟ್ ಕೇಳಿದರು. ಮರಿಸ್ವಾಮಿ ಮುಚ್ಚುಮರೆ ಮಾಡಲಿಲ್ಲ. ಮಾಡುವಂಥದ್ದೇನಿದೆ ಎಂದು ಅವರಿಗೆ ಗೊತ್ತೂ ಇರಲಿಲ್ಲ. ಕ್ರಮ ಪ್ರಕಾರ ಒಪ್ಪಿಸಿದೆನೆಂದು ನೆಟ್ಟಗೆ ಕೂತು ಹೇಳಿದರು. ಸರ್ಜನ್ ಪೆನ್ನು ಕೆಳಗಿಟ್ಟು ಶಂಭುಲಿಂಗನ ಮುಖ ನೋಡಿದರು. ಶಂಭುಲಿಂಗ ಅಪ್ಪನ ಮುಖ ನೋಡಿದ. ಅವನಿಗೂ ಅದು ಆ ಗಳಿಗೆಯಲ್ಲೇ ತಿಳಿದದ್ದು. ಅಲ್ಲಿಂದ ಅವರನ್ನು ಕ್ಯಾನ್ಸರ್ ಡಾಕ್ಟರ್ ಹೇಮಾವತಿಯವರ ಬಳಿ ಕಳಿಸಲಾಯಿತು.

ಹೇಮಾವತಿ ಸಂಡೂರಿನ ಹುಡುಗಿ, ಗಣಿಯಲ್ಲಿ ಲಾರಿ ಓಡಿಸುತ್ತಿದ್ದವರ ಮಗಳು. ಓದು ಅವರ ಮಾತನ್ನು ಬದಲಾಯಿಸಿರಲಿಲ್ಲ. ಬೈಯುತ್ತಾರೆಂದು ಶಂಭುಲಿಂಗ ಎಣಿಸಿದ್ದ. ಅವರು ಬೈಯಲಿಲ್ಲ. ಶೈಲಶ್ರೀಯವರನ್ನು ಹೊರಗೆ ಕೂರಿಸಿ ಎಂದಾಗ ಶೈಲಶ್ರೀಯವರೇ, ನನ್ನ ಮೈಯ ಮಾತು ನಾನೂ ಕೇಳುತ್ತೇನೆ ಎಂದು ಅಲ್ಲೇ ಕುಳಿತರು. ಆಗ ಡಾಕ್ಟರಮ್ಮ ನಿಧಾನವಾಗಿ ಹೇಳತೊಡಗಿದರು.

ಕ್ಯಾನ್ಸರ್ ಎನ್ನುವುದು ಹೊರಗಿನಿಂದ ಬಂದು ಸೇರಿಕೊಂಡದ್ದಲ್ಲ, ನಮ್ಮದೇ ಮೈಯ ಜೀವಕೋಶ. ಮೈಯ ಪ್ರತಿ ಕೋಶಕ್ಕೂ ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಸಾಯಬೇಕು ಎಂಬುದು ಗೊತ್ತಿರುತ್ತದೆ. ಯಾವುದೋ ಒಂದು ಕೋಶ ಅದನ್ನು ಮರೆಯುತ್ತದೆ. ಸಾಯುವುದನ್ನು ಮರೆತು ಒಂದು ಎರಡಾಗಿ, ಎರಡು ನಾಲ್ಕಾಗಿ ಗಂಟು ಕಟ್ಟುತ್ತದೆ. ಆದರೆ ಎಲ್ಲ ಗಂಟುಗಳ ಸ್ವಭಾವವೂ ಒಂದೇ ಅಲ್ಲ. "ಹೆಸರು ಒಂದ ಇದ್ರೂ ಹೊಟ್ಟಿ ಬ್ಯಾರೆ ಬ್ಯಾರೆ ಇರ್ತಾವ್ರಿ ಸ್ವಾಮೇರ" ಎಂದರು ಅವರು. ಕೆಲವು ಗಂಟುಗಳು ಹೆಣ್ಣಿನ ಮೈಯಲ್ಲಿ ಹರಿಯುವ ಹಾರ್ಮೋನನ್ನು ತಿಂದು ಬೆಳೆಯುತ್ತವೆ. ಅದನ್ನು ಒಳಗೆ ಬಿಟ್ಟುಕೊಳ್ಳಲು ಕೋಶಗಳ ಮೇಲೆ ಒಂದು ಥರದ ಬಾಗಿಲಿರುತ್ತದೆ. ಅಂಥದ್ದಾದರೆ ದಿನಕ್ಕೊಂದು ಸಣ್ಣ ಗುಳಿಗೆ ಆ ಬಾಗಿಲಿಗೆ ಅಡ್ಡ ನಿಂತು ವರ್ಷಗಟ್ಟಲೆ ಕಾಯುತ್ತದೆ. ಕೆಲವಕ್ಕೆ ಬೇರೆಯೇ ಬಾಗಿಲು. ಅವು ಜೋರು ಸ್ವಭಾವದವು, ಅವಕ್ಕೆಂದೇ ಬೇರೆ ಇಂಜೆಕ್ಷನ್ ಇದೆ. ಇನ್ನು ಕೆಲವಕ್ಕೆ ಎರಡೂ ಇಲ್ಲ. ಅವಕ್ಕೆ ಗುಳಿಗೆ ನುಂಗಿಸಿದರೆ ನೀರು ಕುಡಿಸಿದ ಹಾಗೆ. ಯಾವ ಬಾಗಿಲು ಎಂಬುದನ್ನು ಗಂಟನ್ನು ಹೆಚ್ಚಿ, ಬಣ್ಣ ಹಾಕಿ ನೋಡಿದರೆ ಮಾತ್ರ ಗೊತ್ತಾಗುವುದು. ಸೂಜಿಯಲ್ಲಿ ತೆಗೆದ ಹನಿ ಕ್ಯಾನ್ಸರ್ ಹೌದು ಎಂದಷ್ಟೇ ಹೇಳಿದೆ, ಅದರ ಮೇಲೆ ಇಷ್ಟೆಲ್ಲ ನೋಡಲು ಈಗ ಏನೂ ಉಳಿದಿಲ್ಲ.

ಚೀಲದಿಂದ ಹಿಡಿ ಭತ್ತ ತೆಗೆದು ಅದರ ಗುಣ ಹೇಳುತ್ತ ಜೀವನ ಕಳೆದ ಮನುಷ್ಯನಿಗೆ ಇದನ್ನು ಇನ್ನೊಮ್ಮೆ ವಿವರಿಸುವ ಅಗತ್ಯವಿರಲಿಲ್ಲ.

"ತಗದು ತಂದ್ರ?" ಎಂದು ಮರಿಸ್ವಾಮಿ ಕೇಳಿದರು.

"ಆ ಬಾಟ್ಲಿ ನೀರಾಗ ಇದ್ದಿದ್ರ ಇವತ್ತೂ ನೋಡಬಹುದಿತ್ರಿ. ಈಗ ಮಣ್ಣಾಗ ಏನೂ ಇರಂಗಿಲ್ಲ. ತಗಿಯಾಕ ಹೋಗಬ್ಯಾಡ್ರಿ."

ದಾರಿಯಲ್ಲಿ ಶಂಭುಲಿಂಗ ತಡೆಯಲಾರದೆ ಅಪ್ಪನ ಮೇಲೆ ಹಾರಾಡಿದ. ನಿಮ್ಮ ಕುಣಿ, ನಿಮ್ಮ ಪತ್ರೆ, ನಿಮ್ಮ ಶಾಸ್ತ್ರ ಎಂದು ಕಾರಿನ ತುಂಬ ಕೂಗಿದ. ಮರಿಸ್ವಾಮಿಗೆ ಅದು ಹಿತವೆನಿಸಿತು, ಬೈಸಿಕೊಳ್ಳುವುದು ಸುಲಭ. ಸುಲಭವಲ್ಲದ್ದು ಶೈಲಶ್ರೀಯವರ ಹಳೆಯ ಮಾತು. ಒಳ್ಳೆಯದು ಮಾಡಿದಿರಿ ಎಂದಿದ್ದರಲ್ಲ, ಆ ಮಾತನ್ನು ಅವರು ವಾಪಸು ತೆಗೆದುಕೊಳ್ಳಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ.

ಅಲ್ಲಿಂದ ಶುರುವಾಯಿತು ಮರಿಸ್ವಾಮಿಯವರ ಸಂಕಟ. ಕೈಗೆ ಆ ಔಷಧಿ ನೀರಿನ ವಾಸನೆ ಅಂಟಿಕೊಂಡಿತು. ಸೀಗೆಪುಡಿ ಹಾಕಿ ತಿಕ್ಕಿದರು, ಲಿಂಬೆಹಣ್ಣು ಉಜ್ಜಿದರು. ಊಟಕ್ಕೆ ಕೂತು ತುತ್ತು ಬಾಯಿಗೆ ತಂದರೆ ಅದೇ ವಾಸನೆ. ಹೆಂಡತಿಗೆ ಕೈ ಮೂಸಿ ನೋಡು ಎಂದರೆ, ಏನೂ ಇಲ್ಲ ಎನ್ನುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಡಾಕ್ಟರಮ್ಮ ಹೇಳಿದ ಒಂದು ಮಾತು. ಸಾಯುವುದನ್ನು ಮರೆತದ್ದು. ಇಷ್ಟು ವರ್ಷ ಅವರು ಮಣ್ಣಿಗೆ ಕೊಟ್ಟದ್ದೆಲ್ಲ ಸತ್ತದ್ದನ್ನು. ಇದು ಸಾಯಲು ಗೊತ್ತಿಲ್ಲದ್ದು. ಹಾಗಾದರೆ ಅಲ್ಲಿ, ತನ್ನ ತಾಯಿಯ ಮಗ್ಗುಲಲ್ಲಿ, ಅದು ಈಗ ಏನು ಮಾಡುತ್ತಿದೆ? ಮಿಲ್ಲಿನಲ್ಲಿ ಒಂದು ಮಧ್ಯಾಹ್ನ ಹಸಿ ಭತ್ತದ ಚೀಲಕ್ಕೆ ಕೊಳವೆ ಚುಚ್ಚಿದಾಗ ಕಾಳಿನ ಜೊತೆ ಬಿಳಿ ಮೊಳಕೆಗಳು ಬಂದವು. ಕತ್ತಲಲ್ಲಿ, ಚೀಲದೊಳಗೆ, ಯಾರಿಗೂ ಹೇಳದೆ ಬೆಳೆದಿದ್ದವು. ಮರಿಸ್ವಾಮಿ ಹಿಡಿಯನ್ನು ಕೆಳಗೆ ಎಸೆದು ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಂದೆ ಸರಿದರು. ಹಮಾಲರು ಹಾವು ಕಂಡಿತೇನೋ ಎಂದು ಓಡಿಬಂದರು.

ಮರುದಿನ ನೆತ್ತಿ ಸುಡುವ ಬಿಸಿಲಿನಲ್ಲಿ ಅವರು ಸಲಿಕೆ ತೆಗೆದುಕೊಂಡು ರುದ್ರಭೂಮಿಗೆ ಹೋದರು. ಡಾಕ್ಟರಮ್ಮ ಬೇಡ ಎಂದಿದ್ದರು. ತಾವೇ ಬದುಕಿಡೀ ಬೇಡ ಎಂದವರು. ಉಂಗುರದ ಮನೆಯವರು ಈಗ ಕಂಡರೆ ಏನೆನ್ನುವರೋ ಎಂಬ ಯೋಚನೆ ಬಂದು, ಸುತ್ತಲೂ ನೋಡಿದರು. ಕಬ್ಬಿನ ಗದ್ದೆಗಳ ಕಡೆಯಿಂದ ಬಿಸಿಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ತಾಯಿಯ ಸಮಾಧಿಗೆ ಕೈಮುಗಿದು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ, ಮಣ್ಣು ಸರಿಸಿದರು.

ಬಟ್ಟೆ ಸಿಕ್ಕಿತು. ಅರಿಶಿನದ ಬಣ್ಣ ಇನ್ನೂ ಇತ್ತು. ಬೆಳೆದಿದ್ದರೆ ಎಂಬ ಹೆದರಿಕೆಯಲ್ಲೇ ಬಿಚ್ಚಿದರು. ಬಟ್ಟೆಯೊಳಗೆ ಒಂದು ಹಿಡಿ ಕಪ್ಪು ಜಿಗುಟು, ಒಂದಿಷ್ಟು ಇರುವೆ. ಯಾವುದು ಮಣ್ಣು, ಯಾವುದು ಹೆಂಡತಿ ಎಂದು ಹೇಳಲು ಬರುತ್ತಿರಲಿಲ್ಲ. ಅದು ಎಲ್ಲರಂತೆಯೇ ಸತ್ತಿತ್ತು. ಮೈಯೊಳಗೆ ಮಾತ್ರ ಸಾಯಲು ಒಲ್ಲದ್ದು ಹೊರಗೆ ಬಂದು ಕೆಲವೇ ದಿನದಲ್ಲಿ ಸತ್ತಿತ್ತು. ಅವರು ಇಷ್ಟು ಕಾಲ ಯಾವುದನ್ನು ಒಳ್ಳೆಯ ಕೆಲಸ ಎಂದು ನಂಬಿದ್ದರೋ ಆ ಕೆಲಸ ಅಲ್ಲಿ ಚೊಕ್ಕವಾಗಿ ನಡೆದಿತ್ತು. ಮಣ್ಣು ಒಪ್ಪಿಸಿಕೊಂಡಿತ್ತು. ಮರಿಸ್ವಾಮಿ ಕುಣಿಯ ಅಂಚಿನಲ್ಲಿ ಕೂತು ಎದೆ ಬಿರಿಯುವಂತೆ ಅತ್ತರು. ಆಮೇಲೆ ಮತ್ತೆ ಮುಚ್ಚಿದರು, ಈ ಸಲ ಮಂತ್ರ ಹೇಳಲು ಬಾಯಿ ಬರಲಿಲ್ಲ.

ಹೇಮಾವತಿಯವರು ಒಂದು ದಾರಿ ಹೇಳಿದ್ದರು. ಗಂಟಿನ ಅಂಚು ಪೂರ್ತಿ ಬಂದಿದೆಯೋ ಇಲ್ಲವೋ ಎಂಬುದೂ ಈಗ ಗೊತ್ತಿಲ್ಲ. ಅದನ್ನು ನೋಡಬೇಕಿದ್ದ ಗಂಟೇ ಇಲ್ಲವಲ್ಲ. ಆದ್ದರಿಂದ ಧೈರ್ಯವಾಗಿ ಬಿಡುವಂತಿಲ್ಲ, ಎದೆಯನ್ನೇ ತೆಗೆಯಬೇಕು, ಕಂಕುಳಿನ ಗ್ರಂಥಿಗಳನ್ನೂ ತೆಗೆದು ನೋಡಬೇಕು. ಹಳೆಯ ಗಾಯದ ಸುತ್ತ ರೋಗದ ಚೂರೇನಾದರೂ ಉಳಿದಿದ್ದರೆ ಅದನ್ನು ಪರೀಕ್ಷೆ ಮಾಡಿ ಬಾಗಿಲು ಯಾವುದೆಂದು ತಿಳಿಯಬಹುದು. "ಉಳಿದಿದ್ರ" ಎಂದು ಅವರು ಒತ್ತಿ ಹೇಳಿದ್ದರು. ಲಿಂಬೆಹಣ್ಣಿನಷ್ಟನ್ನು ತೆಗೆದರೆ ಮುಗಿಯುತ್ತಿದ್ದ ಕಡೆ ಈಗ ಇಡೀ ಎದೆ ಹೋಗಬೇಕು. ಶೈಲಶ್ರೀ ಒಂದು ಗಳಿಗೆ ಕೆಳಗೆ ನೋಡಿ, ಆಗಲಿ ಎಂದರು. ಲಿಂಗವನ್ನು ತೋಳಿಗೆ ಕಟ್ಟಬೇಕೆಂದು ಈ ಸಲವೂ ಹೇಳಿದರು.

ಆಪರೇಶನ್ ದಿನ ಹೊಸಪೇಟೆಯ ಆಸ್ಪತ್ರೆಯ ಕಾರಿಡಾರಿನಲ್ಲಿ ಮರಿಸ್ವಾಮಿ ತಮ್ಮ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣುಮುಚ್ಚಿದರು. ಹೆಂಡತಿ ಉಳಿಯಲಿ ಎಂದು ಬೇಡಲು ಹೊರಟರು. ಬಾಯಿಗೆ ಬಂದದ್ದು ಬೇರೆ. ಒಂದು ಚೂರು ಉಳಿದಿರಲಿ, ಶಿವನೇ. ಸಾಸಿವೆಯಷ್ಟಾದರೂ ಅವಳ ಮೈಯಲ್ಲಿ ರೋಗ ಉಳಿದಿರಲಿ. ಕಣ್ಣು ಬಿಟ್ಟು, ನಾನು ಏನು ಬೇಡಿದೆ ಎಂದು ಬೆಚ್ಚಿದರು. ಕಟ್ಟಿಕೊಂಡ ಹೆಂಡತಿಯ ಮೈಯಲ್ಲಿ ಕ್ಯಾನ್ಸರ್ ಇರಲಿ ಎಂದು ಬೇಡುವ ಗಂಡ ಎಲ್ಲಾದರೂ ಉಂಟೆ? ಮತ್ತೆ ಕಣ್ಣುಮುಚ್ಚಿದರು. ಮತ್ತೆ ಅದೇ ಬಂತು.

ಒಳಗಿಂದ ಹುಡುಗನೊಬ್ಬ ಮುಚ್ಚಿದ ಡಬ್ಬಿ ಹಿಡಿದು ಹೊರಬಂದ. ಈ ಆಸ್ಪತ್ರೆಯಲ್ಲಿ ಅದು ಮನೆಯವರ ಕೈಗೆ ಬರುವುದಿಲ್ಲ, ಲ್ಯಾಬು ಕೆಳಗಿನ ಮಹಡಿಯಲ್ಲೇ ಇದೆ. ಮರಿಸ್ವಾಮಿ ಎದ್ದು, ಶವದ ಹಿಂದೆ ನಡೆಯುವ ಹಾಗೆ ಅವನ ಹಿಂದೆ ನಡೆದರು. ಲ್ಯಾಬಿನ ಬಾಗಿಲು ಮುಚ್ಚಿತು. ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಮೇಣದಲ್ಲಿಟ್ಟು ನೋಡುತ್ತಾರಂತೆ. ಹೆಚ್ಚುತ್ತಾರೆಂಬ ಸಂಕಟಕ್ಕೆ ಬಾಟ್ಲಿ ಹೊತ್ತು ಬಸ್ ಹತ್ತಿದ್ದ ಮನುಷ್ಯ, ಮರುದಿನ ಹೇಮಾವತಿಯವರನ್ನು ಹುಡುಕಿಕೊಂಡು ಹೋಗಿ, "ಮೇಡಂ, ಇನ್ನೂ ತೆಳ್ಳಗ ಕೊಯ್ಯಾಕ ಹೇಳ್ರಿ. ಒಂದು ಮೂಲಿನೂ ಬಿಡಬ್ಯಾಡ್ರಿ" ಎಂದು ಕೈಮುಗಿದರು. ಡಾಕ್ಟರಮ್ಮ ಆ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿ, ಹೇಳುತ್ತೇನೆ ಎಂದರು. ಹೇಳಿದರು ಕೂಡ, ಎಂದಿಗಿಂತ ಹೆಚ್ಚು ತುಂಡು ಕೊಯ್ಯಿಸಿ, ಇಬ್ಬರಿಂದ ನೋಡಿಸಿದರು.

ರಿಪೋರ್ಟ್ ಬಂದ ದಿನ ಶಂಭುಲಿಂಗನೇ ಮೊದಲು ಓದಿದ. ಹಳೆಯ ಗಾಯದ ಗುರುತು ಬಿಟ್ಟರೆ ರೋಗದ ಒಂದು ಕೋಶವೂ ಎದೆಯಲ್ಲಿಲ್ಲ, ಕಂಕುಳಲ್ಲೂ ಇಲ್ಲ. ಅವನು ತಾಯಿಯನ್ನು ತಬ್ಬಿಕೊಂಡು ಮಗುವಿನಂತೆ ಅತ್ತ. ಅಪ್ಪನ ಮೇಲಿನ ಸಿಟ್ಟೂ ಅಲ್ಲೇ ಕರಗಿತು. ದೇವರು ನಮ್ಮ ಕೈ ಬಿಡಲಿಲ್ಲ ಅಪ್ಪಾ ಎಂದು ಅವರ ಭುಜ ಹಿಡಿದ. ಮಿಲ್ಲಿಗೆ ಫೋನ್ ಮಾಡಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಹಂಚಲು ಹೇಳಿದ. ಮರಿಸ್ವಾಮಿ ತಲೆಯಾಡಿಸಿ ನಕ್ಕರು. ಆ ನಗುವನ್ನು ಮುಖದ ಮೇಲೆ ಹಿಡಿದಿಡಲು ಅವರು ಪಟ್ಟ ಪಾಡು ಮಗನಿಗೆ ಕಾಣಲಿಲ್ಲ.

ಹೇಮಾವತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಬ್ಬಿಲ್ಲ, ಇದು ನಿಜವಾಗಿ ಒಳ್ಳೆಯ ಸುದ್ದಿ. ಆದರೆ ಕಣ್ಣಿಗೆ ಕಾಣದ ಒಂದೆರಡು ಕೋಶ ರಕ್ತದಲ್ಲಿ ಎಲ್ಲೋ ಕೂತಿದ್ದರೆ ಅವು ಯಾವ ಸ್ವಭಾವದವು ಎಂಬುದು ಇನ್ನು ತಿಳಿಯುವ ದಾರಿ ಇಲ್ಲ. ಕೀಮೋ ಕೊಡೋಣ. ಈ ವಯಸ್ಸಿನವರಲ್ಲಿ ಹಾರ್ಮೋನ್ ತಿನ್ನುವ ಜಾತಿಯೇ ಹೆಚ್ಚು, ಆದ್ದರಿಂದ ಗುಳಿಗೆಯನ್ನೂ ಊಹೆಯ ಮೇಲೆ ಕೊಡೋಣ. ಇನ್ನೊಂದು ಬಾಗಿಲಿನ ಇಂಜೆಕ್ಷನ್ನನ್ನು ಮಾತ್ರ ಊಹೆಯ ಮೇಲೆ ಕೊಡಲು ಬರುವುದಿಲ್ಲ. ಶಂಭುಲಿಂಗ ಇದೆಲ್ಲ ಡಾಕ್ಟರರು ಹೇಳುವ ಎಚ್ಚರಿಕೆಯ ಮಾತು ಎಂದುಕೊಂಡು, ಸರಿ ಸರಿ ಎಂದು ಎದ್ದ.

ಕೀಮೋ ಮುಗಿಯಿತು, ಕೂದಲು ಹೋಯಿತು, ಮತ್ತೆ ಕಪ್ಪು ಬಿಳುಪು ಬೆರೆತು ಚಿಗುರಿತು. ಮರಿಸ್ವಾಮಿ ಮಿಲ್ಲಿಗೆ ಹೋಗುತ್ತಾರೆ. ಕರೆ ಬಂದರೆ ಕುಣಿಗೂ ಇಳಿಯುತ್ತಾರೆ. ಮಣ್ಣು ಒಪ್ಪಿಸ್ಕೊಂತ್ರಿ ಎಂಬ ಮಾತು ಮಾತ್ರ ನಿಂತುಹೋಗಿದೆ. ಮುಗಿದ ಕೂಡಲೇ ಕೈ ತೊಳೆದುಕೊಂಡು ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಾರೆ. ಮನೆಯಲ್ಲಿ ಹೆಂಡತಿ ಕೆಮ್ಮಿದರೆ ತುತ್ತು ಕೈಯಲ್ಲೇ ನಿಲ್ಲುತ್ತದೆ, ಬೆನ್ನು ನೋಯುತ್ತದೆ ಎಂದರೆ ಎದ್ದು ನಿಲ್ಲುತ್ತಾರೆ. ಬೆಳಗಿನ ಪೂಜೆ ಮುಗಿಸಿ ಗುಳಿಗೆ ಮತ್ತು ನೀರಿನ ಲೋಟವನ್ನು ತಾವೇ ತಂದು ಕೊಡುವುದು ರೂಢಿಯಾಗಿದೆ. ಇದು ಸರಿಯಾದ ಬಾಗಿಲಿಗೆ ಹೋಗುತ್ತಿದೆಯೋ, ಬರೀ ನೀರಿನ ಹಾಗೆ ಇಳಿಯುತ್ತಿದೆಯೋ ಎಂದು ಅವರು ಹೆಂಡತಿಯ ಗಂಟಲನ್ನೇ ನೋಡುತ್ತ ನಿಲ್ಲುತ್ತಾರೆ.

ಮೊನ್ನೆ ಶೈಲಶ್ರೀ ಗುಳಿಗೆಯನ್ನು ತಕ್ಷಣ ನುಂಗಲಿಲ್ಲ. ಅಂಗೈಯಲ್ಲೇ ಇಟ್ಟುಕೊಂಡು, ಎರಡನೇ ಆಪರೇಶನ್ ನಡೆಯುವಾಗ ಹೊರಗೆ ಕೂತು ನೀವು ಏನು ಬೇಡಿಕೊಂಡಿರಿ ಎಂದು ಕೇಳಿದರು. ಮರಿಸ್ವಾಮಿಗೆ ಸುಳ್ಳು ಹೊಳೆಯಲಿಲ್ಲ, ಹೊಳೆದಿದ್ದರೂ ಆ ಮುಖಕ್ಕೆ ಹೇಳಲು ಆಗುತ್ತಿರಲಿಲ್ಲ.

"ಒಂದು ಚೂರರ ಉಳಿದಿರ್ಲಿ ಅಂತ ಬೇಡ್ಕೊಂಡೆ" ಎಂದರು, ಗೋಡೆಯ ಕಡೆ ನೋಡುತ್ತ.

ಶೈಲಶ್ರೀ ಗುಳಿಗೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಲೋಟವನ್ನು ಅವರ ಕೈಗೆ ಕೊಟ್ಟರು.

"ಒಳಗ ಮಲ್ಕೊಂಡು ನಾನೂ ಅದನ್ನ ಬೇಡ್ಕೊಂಡಿದ್ದೆರಿ" ಎಂದರು.